ಹಲಗೆಯ ಮೇಲಿನ ಹುಳುಗಳು

ಹೊಳೆದಂಡೆಯ ಆ ಮಠದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ದೀಕ್ಷೆ ಬೇಕೆಂದ ಶಿಷ್ಯ ಒಂದು ಮಳೆಗಾಲ ಪೂರ್ತಿ ಗವಿಯೊಳಗೆ ಕೂರಬೇಕಿತ್ತು. ಬಾಗಿಲಿಗೆ ಮಣ್ಣು ಮೆತ್ತಿ, ಅನ್ನ ನೀರಿಗೆಂದು ಒಂದು ಕಿಂಡಿ ಬಿಡುತ್ತಿದ್ದರು.

ಈ ಸಲದ ಸರದಿ ಬೋರಲಿಂಗನದು. ಅವನು ಸುತರಾಂ ಒಲ್ಲೆನೆಂದ.

"ನಾನು ಕೂರಲ್ಲ ಬುದ್ಧಿ. ಬದುಕಿರೋನನ್ನ ಹೂಳೋದು ಯಾವ ಸೀಮೆ ವಿದ್ಯೆ?"

"ಕೂರದಿದ್ರೆ ದೀಕ್ಷೆ ಇಲ್ಲ. ಊರಿಗೆ ಹೊರಡು," ಎಂದರು ಗುರು ಮುದ್ದಯ್ಯನವರು. "ಗೂಡು ಬಿಡಿಸೋ ದಿನ ಯೋಚಿಸಿ ಹೇಳು. ಈಗ ಮೇವು ಬಿಟ್ಟು ನೂಲೋಕೆ ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡು."

ಬೋರಲಿಂಗನಿಗೆ ಮೈಯೆಲ್ಲ ಉರಿದುಹೋಯಿತು. ದೀಕ್ಷೆ ಬಿಟ್ಟು ಊರಿಗೆ ಹೋಗಲು ಮನಸ್ಸಿಲ್ಲ, ತಲೆಬಾಗಲು ಕತ್ತು ಒಪ್ಪುತ್ತಿಲ್ಲ. ಹುಳು ಗೂಡು ಕಟ್ಟಲೆಂದು ಸಂದಿ ಸಂದಿಯಾಗಿ ಹೆಣೆದ ಆ ಬಿದಿರಿನ ಚಂದ್ರಿಕೆಯೂ ಅವನ ಕಣ್ಣಿಗೆ ಗವಿಯಾಗಿಯೇ ಕಂಡಿತು. ಹುಳುಗಳನ್ನೆಲ್ಲ ಒಂದು ನುಣುಪಾದ ಹಲಗೆಯ ಮೇಲೆ ಬಿಟ್ಟುಬಿಟ್ಟ.

ಗೂಡು ಬಿಡಿಸುವ ದಿನ ಆ ಹಲಗೆಯನ್ನೇ ತಂದು ಗುರುಗಳ ಮುಂದಿಟ್ಟ. ಒಂದು ಗೂಡೂ ಇರಲಿಲ್ಲ. ಹುಳುಗಳು ತಲೆಯಾಡಿಸುತ್ತ ಚೆಲ್ಲಿದ ಎಳೆ ಹಲಗೆಯ ಉದ್ದಕ್ಕೂ ತೆಳ್ಳನೆಯ ಬಟ್ಟೆಯಾಗಿ ಹರಡಿತ್ತು.

"ನೋಡಿ ಬುದ್ಧಿ. ಗೋಡೆ ಇಲ್ಲ, ಸೆರೆ ಇಲ್ಲ. ನೂಲು ಬಂತೋ ಇಲ್ವೋ?"

"ಬಂತು. ಚೆನ್ನಾಗೇ ಬಂದಿದೆ." ಗುರುಗಳು ಬಟ್ಟೆಯನ್ನು ಸವರಿದರು. "ಹುಳ?"

ಬೋರಲಿಂಗ ಆಗಷ್ಟೇ ಬಗ್ಗಿ ನೋಡಿದ. ನೂಲೆಲ್ಲ ಮುಗಿಸಿ ಮುದುಡಿದ್ದ ಹುಳುಗಳು ಬಟ್ಟೆಯ ಮೇಲೆ ಬೆತ್ತಲೆ ಬಿದ್ದಿದ್ದವು. ಇರುವೆಗಳು ಅವನ್ನು ಮುತ್ತಿದ್ದವು.

"ಯಾಕೆ ಗೂಡು ಕಟ್ಟಲಿಲ್ಲ ಇವು?"

"ಎಳೆ ಸಿಕ್ಕಿಸೋಕೆ ಸುತ್ತ ಆಸರೆ ಬೇಕು. ನೀನು ಕೊಡಲಿಲ್ಲ. ಚಂದ್ರಿಕೆ ನಮ್ಮದು, ಗೂಡು ಮಾತ್ರ ಹುಳದ್ದೇ."

ಬೋರಲಿಂಗ ಒಂದೊಂದೇ ಇರುವೆಯನ್ನು ಬಿಡಿಸುತ್ತ ಬಹಳ ಹೊತ್ತು ಕೂತ. ಆಮೇಲೆ ತಲೆಯೆತ್ತಿದ. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಹಾಗೇ ಗಡುಸಾಗಿತ್ತು.

"ಕೂರ್ತೀನಿ. ಆದ್ರೆ ಈಗಲೇ ಹೇಳಿಬಿಡ್ತೀನಿ ಬುದ್ಧಿ, ನಿಮ್ಮ ಅಪ್ಪಣೆಗೆ ಕಾಯೋನಲ್ಲ ನಾನು. ಒಳಗಿನ ಕೆಲಸ ಮುಗಿದ ದಿನ ಆ ಮಣ್ಣು ಒದ್ದು ಆಚೆ ಬರ್ತೀನಿ."

ಮುದ್ದಯ್ಯನವರು ನಕ್ಕು, ತಾವೇ ಮಣ್ಣು ಕಲಸಲು ಕೂತರು.

"ಒದ್ದೇ ಬಾರಪ್ಪ. ಚಿಟ್ಟೆ ಒಡೆದು ಬರದ ಗೂಡನ್ನ ಕುದಿಯೋ ನೀರಿಗೆ ಹಾಕ್ತಾರೆ."