ಏಡಿಗೆ ಒಂದೇ ಕೈ ದಪ್ಪ ಯಾಕೆ?

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಸಮುದ್ರಕ್ಕೆ ಉಪ್ಪು ಸಾಕೋ ಬೇಕೋ ಎಂದು ರುಚಿ ನೋಡಿ ಹೇಳಿದವನು ನಿಮ್ಮ ಈ ಮಾವನೇ. ನಂಬದಿದ್ದರೆ ಸಮುದ್ರವನ್ನೇ ಕೇಳಿ.

ಆಗ ನದಿ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಚೂಡಪ್ಪನೆಂಬ ಪುಟ್ಟ ಏಡಿ, ಹೆಂಡತಿ ಬೆಳ್ಳಿಯ ಜೊತೆ ಇದ್ದ. ಇಬ್ಬರಿಗೂ ಎರಡು ಕೈಯೂ ಸಮ, ಎರಡೂ ಕಡ್ಡಿಯಷ್ಟು ಸಣ್ಣ. ಪಕ್ಕದ ಬಿಲ ಗುಡ್ಡಪ್ಪನದು. ಅವನು ದೊಡ್ಡ ಏಡಿ. ಗರಡಿಮನೆಯಲ್ಲಿ ದಿನಾ ಗುಂಡುಕಲ್ಲು ಎತ್ತುವವನು. ಉಬ್ಬರ ಬಂದರೆ ಅಂಥದೇ ಒಂದು ಕಲ್ಲನ್ನು ಬಾಗಿಲಿಗೆ ಒತ್ತಿ, ಒಳಗೆ ಬೆಚ್ಚಗೆ ಮಲಗುತ್ತಿದ್ದ.

ಚೂಡಪ್ಪನ ಮನೆಗೆ ಬಾಗಿಲೇ ಇಲ್ಲ. ನೀರು ನುಗ್ಗುತ್ತಿತ್ತು, ಹಾಸಿಗೆ ತೇಲುತ್ತಿತ್ತು. ಅಷ್ಟು ನೀರಿದ್ದರೂ ಅವನ ಹೊಟ್ಟೆಯ ಉರಿ ಮಾತ್ರ ಆರುತ್ತಿರಲಿಲ್ಲ.

“ಅವನಿಗೆ ಕಲ್ಲಿನ ಬಾಗಿಲು! ನಮಗೆ?”

“ನೀವೂ ಒಂದು ಕಲ್ಲು ತನ್ನಿ,” ಎಂದಳು ಬೆಳ್ಳಿ.

ಆ ಕ್ಷಣವೇ ಹೋಗಿ ಗರಡಿಯ ದೊಡ್ಡ ಗುಂಡುಕಲ್ಲಿಗೆ ಕೈ ಹಾಕಿದ. ಕಲ್ಲು ಅಲುಗಲಿಲ್ಲ. ಚೂಡಪ್ಪನೇ ಕಾಲೆಲ್ಲ ಮೇಲಾಗಿ ಅಂಗಾತ ಬಿದ್ದ.

“ಏನೋ ಚೂಡಾ, ಆಕಾಶ ಎತ್ತುತ್ತಿದ್ದೀಯಾ?” ಗುಡ್ಡಪ್ಪ ನಕ್ಕ.

ನದಿಗೆ ಕನಿಕರವಾಯಿತು. “ಮಗಾ, ನಾನೂ ಹುಟ್ಟಿದ ದಿನವೇ ಬಂಡೆ ಉರುಳಿಸಲಿಲ್ಲ. ಮೊದಲು ತರಗೆಲೆ, ಆಮೇಲೆ ಮರಳು, ಆಮೇಲೆ ಕಲ್ಲು. ಹಿಡಿದದ್ದು ಹಗುರವಾಯಿತು ಅನ್ನಿಸಿದ ಮೇಲೆ ಇನ್ನೊಂಚೂರು ಭಾರದ್ದು ಹಿಡಿ. ನಡುನಡುವೆ ನಿದ್ದೆ ಮಾಡು. ಬಲ ಕೂಡುವುದು ಆಗಲೇ.”

ಚೂಡಪ್ಪ ಕಪ್ಪೆಚಿಪ್ಪು ಎತ್ತಿದ. ಅದು ಹಗುರವಾಯಿತು. ಶಂಖ ಎತ್ತಿದ. ಅದೂ ಹಗುರವಾಯಿತು. ಬೆಣಚುಕಲ್ಲು ಎತ್ತಿದ. ನೀರಿಳಿದಾಗ ಎತ್ತುವುದು, ನೀರೇರಿದಾಗ ಮಲಗುವುದು. ಆದರೆ ಕಣ್ಣೆರಡೂ ಪಕ್ಕದ ಮನೆ ಮೇಲೆ! ಊಟಕ್ಕೂ ನಿಲ್ಲಲೊಲ್ಲ. ಒಂದು ಕೈ ಎತ್ತುತ್ತಿತ್ತು, ಇನ್ನೊಂದು ಬಾಯಿಗೆ ಕೆಸರು ಹಾಕುತ್ತಿತ್ತು.

“ರೀ, ಆ ಉಣ್ಣೋ ಕೈಗೂ ಸ್ವಲ್ಪ ಭಾರ ಕೊಡಿ.”

“ನಾಳೆ ಕಣೇ! ಅಲ್ನೋಡು, ಅವನು ಇವತ್ತೂ ಎತ್ತಿದ!”

ಆ ನಾಳೆ ಬರಲೇ ಇಲ್ಲ. ಬಂದದ್ದು ಹುಣ್ಣಿಮೆಯ ದೊಡ್ಡ ಉಬ್ಬರ. ಚೂಡಪ್ಪ ಗರಡಿಯ ಗುಂಡುಕಲ್ಲನ್ನು, ಎತ್ತಿ ಎತ್ತಿ ದಪ್ಪಗಾದ ಆ ಒಂದೇ ಕೈಯಲ್ಲಿ ಹೊತ್ತು ತಂದು ಬಾಗಿಲಿಗೆ ಒತ್ತಿದ. ತೊಟ್ಟು ನೀರೂ ಒಳಗೆ ಬರಲಿಲ್ಲ. ಬೆಳ್ಳಿ ಮೊದಲ ಸಲ ಒಣ ಹಾಸಿಗೆಯಲ್ಲಿ ಮಲಗಿದಳು.

ಚೂಡಪ್ಪನಿಗೆ ನಿದ್ದೆಯೆಲ್ಲಿ? “ಅವನು ನೋಡಿದನೇನೇ?”

ಗುಡ್ಡಪ್ಪ ತನ್ನ ಕಲ್ಲಿನ ಹಿಂದೆ ಗೊರಕೆ ಹೊಡೆಯುತ್ತಿದ್ದ. ನೋಡಿಯೇ ಇರಲಿಲ್ಲ!

ಅದಕ್ಕೇ ಇವತ್ತಿಗೂ ನೀರಿಳಿದ ಕೆಸರಿನಲ್ಲಿ ಚೂಡಪ್ಪನ ಕುಲದ ಗಂಡು ಏಡಿ ತನ್ನ ಒಂದೇ ದಪ್ಪ ಕೈಯನ್ನು “ಇಲ್ನೋಡೋ, ಇಲ್ನೋಡೋ” ಎಂದು ಪಕ್ಕದ ಮನೆಯತ್ತ ಬೀಸುತ್ತಾ, ಸಣ್ಣ ಕೈಯಲ್ಲಿ ಉಣ್ಣುತ್ತಿರುತ್ತದೆ. ಹೆಣ್ಣು ಏಡಿ ಮಾತ್ರ ಎರಡೂ ಕೈಯಲ್ಲಿ ಉಂಡು, ಅವನಿಗಿಂತ ಮೊದಲೇ ಹೊಟ್ಟೆ ತುಂಬಿಸಿಕೊಂಡು ಮನೆಗೆ ಹೋಗುತ್ತದೆ.