ಎಡಗಾಲಿನ ಪೆಂಡೆಯ

"ಗುರುಗಳೇ, ನಿನ್ನೆ ಮಠದಲ್ಲಿ ಆ ಮುದಿ ಸೈನಿಕನಿಗೆ ಶಾಲು ಹೊದಿಸಲು ಹೋದೆ. ಬೇಡವೆಂದು ಎದ್ದು ಹೋದ. ತಡವಾದರೂ ಗೌರವ ಗೌರವವೇ ಅಲ್ಲವೇ? ಇಷ್ಟು ಅಹಂಕಾರ ಏಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಸೈನಿಕನಿದ್ದ. ಯುದ್ಧದಲ್ಲಿ ಬಿದ್ದ ಜೊತೆಗಾರನನ್ನು ಎತ್ತಿಕೊಳ್ಳಲು ಹಿಂದಿರುಗಿದಾಗ ಅವನ ಬಲಗಾಲು ಹೋಯಿತು. ಜೊತೆಗಾರನೂ ಉಳಿಯಲಿಲ್ಲ. ಕೋಲೂರಿಕೊಂಡು ಊರಿಗೆ ಬಂದವನನ್ನು ನೋಡಿ ಕಟ್ಟೆಯ ಮೇಲಿದ್ದವರು, "ಓಡುವವನಿಗೆ ಏಟು ಬೀಳುವುದೇ ಕಾಲಿಗೆ ಕಣಯ್ಯಾ" ಎಂದು ನಕ್ಕರು. ತಾಯಿ ನಗಲಿಲ್ಲ. ಏನನ್ನೂ ಕೇಳಲೂ ಇಲ್ಲ. ನೀರು ಕಾಯಿಸಿದಳು, ಊಟ ಬಡಿಸಿದಳು, ಕಾಲಿಲ್ಲದ ಕಡೆ ನೋಡದೆ ಒಳಗೆ ಹೋದಳು. ಉತ್ತರಕ್ಕೆ ಹೆದರಿ ಕೇಳುತ್ತಿಲ್ಲವೆಂದು ಅವನಿಗೆ ತಿಳಿಯಿತು. ತಾನೇ ಹೇಳಬಹುದಿತ್ತು. ಓಡಿಬಂದವನೂ ಅದನ್ನೇ ಹೇಳುತ್ತಾನಲ್ಲ ಎಂದುಕೊಂಡು ಸುಮ್ಮನಾದ.

ಆ ನಾಡಿನ ಅರಸ ವೀರರ ಕಾಲಿಗೆ ಪೆಂಡೆಯವೆಂಬ, ನಡೆದರೆ ಝಣಝಣಿಸುವ ಬಿರುದಿನ ಕಡಗ ತೊಡಿಸುತ್ತಿದ್ದ. ಅದೊಂದು ಕಾಲಲ್ಲಿದ್ದರೆ ತಾಯಿ ಕೇಳಬೇಕಾಗಿಯೇ ಇಲ್ಲ. ಸೈನಿಕ ಅರಮನೆಗೆ ಹೋದ. ದಳಪತಿ ಅವನ ಪರವಾಗಿ ಸಾಕ್ಷಿ ಹೇಳಿದ. ಅಧಿಕಾರಿ ತಲೆದೂಗಿದ.

"ಎಲ್ಲ ಸರಿಯಪ್ಪಾ. ಪೆಂಡೆಯ ತೊಡಿಸುವುದು ಬಲಗಾಲಿಗೆ. ನಿನ್ನ ಬಲಗಾಲೆಲ್ಲಿ?"

"ರಣದಲ್ಲೇ ಉಳಿಯಿತು, ಸ್ವಾಮಿ. ಎಡಗಾಲಿದೆಯಲ್ಲ."

"ಎಡಗಾಲಿಗೆ ತೊಡಿಸುವ ಪದ್ಧತಿಯಿಲ್ಲ. ಪಂಡಿತರು ಕೂತು ಯೋಚಿಸಲಿ. ಹೋಗಿ ಬಾ."

ಹೋದ, ಬಂದ. ಪ್ರತಿ ಸುಗ್ಗಿ ಮುಗಿದ ಮೇಲೂ ಹೋದ. ಪಂಡಿತರು ಇನ್ನೂ ಕೂತೇ ಇದ್ದರು. ಅವನ ತಲೆ ನರೆಯಿತು. ತಾಯಿ ಹಾಸಿಗೆ ಹಿಡಿದಳು. ಕೊನೆಗೊಂದು ದಿನ ಅವನ ಕೈ ಹಿಡಿದುಕೊಂಡು, "ಹೋಗಲಿ ಬಿಡು ಮಗಾ. ಜೀವ ಯಾರಿಗೆ ಬೇಡ? ನೀನು ಬಂದೆಯಲ್ಲ, ನನಗಷ್ಟೇ ಸಾಕು" ಎಂದಳು. ತಾನು ಮಾಡದ ತಪ್ಪನ್ನು ಅವಳು ಕ್ಷಮಿಸುತ್ತಿದ್ದಾಳೆಂದು ಅರ್ಥವಾಗಿ ಅವನು ಬಾಯಿ ತೆರೆಯುವಷ್ಟರಲ್ಲಿ ಅವಳ ಕಣ್ಣು ಮುಚ್ಚಿತ್ತು.

ಮರುವರ್ಷ ಅಧಿಕಾರಿ ಕಹಳೆ ಊದಿಸಿಕೊಂಡು ಪೆಂಡೆಯವನ್ನು ಮನೆ ಬಾಗಿಲಿಗೆ ತಂದ. ಎಡಗಾಲೂ ಆಗಬಹುದೆಂದು ಪಂಡಿತರು ಕಂಡುಕೊಂಡಿದ್ದರು. ಕಟ್ಟೆಯ ಮೇಲಿನವರೇ ಹಾರ ಹಿಡಿದು ನಿಂತರು. ಸೈನಿಕ ಕಾಲು ಚಾಚಲಿಲ್ಲ. ಕಡಗವನ್ನು ಕೈಗೆತ್ತಿಕೊಂಡು ಒಮ್ಮೆ ಅಲುಗಿಸಿದ.

"ಇದರ ಸದ್ದು ಎಲ್ಲಿಯವರೆಗೆ ಕೇಳಿಸುತ್ತದೆ, ಸ್ವಾಮಿ?"

"ಊರಿಗೆಲ್ಲ ಕೇಳಿಸುತ್ತದೆ!" ಎಂದ ಅಧಿಕಾರಿ.

"ಅಷ್ಟೇ ದೂರವಾದರೆ ನನಗೆ ಬೇಡ" ಎಂದು ಅದನ್ನು ಅವನ ಕೈಗೇ ಕೊಟ್ಟು ಒಳಗೆ ಹೋದ. ಊರು ಅವನನ್ನು ಅಹಂಕಾರಿ ಎಂದಿತು.

ಕತೆ ಮುಗಿಸಿ ಗುರುಗಳು ಶಿಷ್ಯನನ್ನು ನೋಡಿದರು.

"ನಿನ್ನೆ ಆ ಹಿರಿಯರು ಶಾಲು ಬೇಡವೆಂದಾಗ, ಏಕೆಂದು ನೀನಾದರೂ ಕೇಳಿದೆಯಾ?"