ಹೊಳೆ ನಮ್ಮದು

ಈಚೆ ದಡದಲ್ಲಿ ಬೆಳಗುಪ್ಪೆ, ಆಚೆ ದಡದಲ್ಲಿ ನೇರಲಕೋಟೆ. ಎರಡೂ ಬೇರೆ ಬೇರೆ ರಾಜ್ಯ. ನಡುವೆ ಹೊಳೆ, ಹೊಳೆಯ ನಡುಗಡ್ಡೆಯ ಮೇಲೆ ಕೇತಯ್ಯನವರ ಆಶ್ರಮ.

ರಾಜ್ಯಗಳು ಒಂದರ ಪಕ್ಕ ಒಂದು ಹೇಗೆ ಬಾಳಬೇಕು ಅನ್ನುವುದೇ ಕೇತಯ್ಯನವರು ಕಲಿಸುತ್ತಿದ್ದ ವಿದ್ಯೆ. ಪ್ರಾಯದಲ್ಲಿ ಅವರು ಹಲವು ಆಸ್ಥಾನಗಳಲ್ಲಿ ರಾಯಭಾರಿಯಾಗಿದ್ದವರು. ಕೆಲವು ದೊರೆಗಳು ಶಾಲು ಹೊದಿಸಿದರು, ಕೆಲವರು ಊರು ಬಿಡಿಸಿದರು. ಎಲ್ಲ ಕಡೆಯೂ ಅವರು ಹೇಳಿದ್ದು ಒಂದೇ ಮಾತು.

"ದಂಡು ಹೊರಡುವುದು ಎದುರಿನವನು ಆಡಿದ ಮಾತಿಗಲ್ಲ. ನಾವು ಕೇಳಿಸಿಕೊಂಡ ಮಾತಿಗೆ."

ಕೇಳಿದವರೆಲ್ಲ ತಲೆದೂಗಿದರು, ಆಮೇಲೆ ಯುದ್ಧಕ್ಕೆ ಹೋದರು. ಅದು ಬೇರೆ ವಿಷಯ, ಬಿಡಿ.

ಅವರ ಶಿಷ್ಯರಲ್ಲೆಲ್ಲ ಬೆಳಗುಪ್ಪೆಯ ಪದುಮಣ್ಣನೇ ಚುರುಕು. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಪದುಮಣ್ಣನಿಗೇ.

ಒಂದು ಸಂಜೆ ಅವನು ಅಂಗಳದ ಮರಳಿನ ಮೇಲೆ ಕೋಲಿನಿಂದ ಒಂದು ಸುತ್ತು ಗೀಚಿದ. ಅದರ ಹೊರಗೆ ಇನ್ನೊಂದು, ಅದರಾಚೆ ಮತ್ತೊಂದು.

"ನೋಡಿ ಗುರುಗಳೇ. ನಡುವೆ ನಾವು. ನಮಗೆ ತಗುಲಿಕೊಂಡು ಇರುವವನು ಹಗೆ. ಅವನಾಚೆ ಇರುವವನು ಅವನಿಗೆ ಹಗೆ, ಹಾಗಾಗಿ ನಮಗೆ ಗೆಳೆಯ. ರಾಜ್ಯಗಳ ವ್ಯವಹಾರವೆಲ್ಲ ಇಷ್ಟೇ."

"ಚೆನ್ನಾಗಿದೆ," ಎಂದರು ಕೇತಯ್ಯನವರು. "ನಿಮ್ಮಕ್ಕನನ್ನು ಕೊಟ್ಟಿರುವುದು ನೇರಲಕೋಟೆಗೆ ಅಲ್ಲವೇನಯ್ಯ? ಇದರಲ್ಲಿ ಅವಳ ಮನೆ ಎಲ್ಲಿ ಬಂತು?"

ಪದುಮಣ್ಣ ಕೋಲಿನ ತುದಿಯನ್ನು ಹಗೆಯ ಸುತ್ತಿನಲ್ಲಿ ಊರಿದ.

"ಶಾಸ್ತ್ರದಲ್ಲಿ ಅಕ್ಕ ತಂಗಿ ಅಂತ ನೋಡೋಕಾಗಲ್ಲ ಗುರುಗಳೇ."

"ಓಹೋ," ಎಂದು ಗುರುಗಳು ಸೌತೆಬಳ್ಳಿಗೆ ನೀರು ಹಾಕಲು ಹೋದರು.

ಅದೇ ಹೊತ್ತಿಗೆ ಬೆಳಗುಪ್ಪೆಯ ದೊರೆಯಿಂದ ಪದುಮಣ್ಣನಿಗೆ ಕರೆ ಬಂತು. ನೇರಲಕೋಟೆಯ ರಾಣಿ ಭೈರಾಂಬೆ ಆಚೆ ದಡದಲ್ಲಿ ಕಲ್ಲು ರಾಶಿ ಹಾಕಿಸುತ್ತಿದ್ದಾಳೆ. ಕೋಟೆ ಕಟ್ಟುತ್ತಾಳೋ ಏನೋ, ಹೋಗಿ ಕೇಳಿ ಬಾ.

"ದಂಡು ತಯಾರಾಗಿದೆ. ನೀನು ಬಂದು ಏನು ಹೇಳ್ತೀಯೋ ಹಾಗೆ," ಅಂದಿದ್ದರು ದೊರೆ. "ಕೆಲಸ ಸರಿಯಾಗಿ ಮಾಡಿದರೆ ಸಂಧಿವಿಗ್ರಹಿಯ ಪಟ್ಟ ನಿನಗೇ."

ಸಂಧಿವಿಗ್ರಹಿ ಅಂದರೆ ಸಂಧಿಯೋ ಯುದ್ಧವೋ ಅಂತ ದೊರೆಗೆ ಹೇಳುವ ಮಂತ್ರಿ. ಪದುಮಣ್ಣ ಎಳೆಯನಾಗಿದ್ದಾಗಿನಿಂದ ಕಂಡ ಕನಸು ಅದು. ಅವನಿಗೆ ನಿದ್ದೆ ಬಂದರೆ ಕೇಳಿ.

ಬೆಳಗಾಗುತ್ತಲೇ ಹೋದ, ಬಿಸಿಲೇರುವ ಮುಂಚೆ ವಾಪಸ್ಸು ಬಂದ. ರಾಯಭಾರ ಮುಗಿಸಿದವನು ದೊರೆಯ ಹತ್ತಿರ ಹೋಗುವ ಮೊದಲು ಗುರುವಿಗೆ ಒಪ್ಪಿಸಬೇಕು, ಅದು ಆಶ್ರಮದ ಕಟ್ಟಳೆ. ಇಲ್ಲದಿದ್ದರೆ ಅವನು ನಡುಗಡ್ಡೆಯಲ್ಲಿ ನಿಲ್ಲುತ್ತಲೂ ಇರಲಿಲ್ಲ.

"ಯುದ್ಧವೇ ಸರಿ ಗುರುಗಳೇ! ಹೊಳೆ ತಮ್ಮದು ಅಂತಾರೆ ರಾಣಿ. ಕಾಯೋದೂ ತಮ್ಮ ಕೆಲಸವಂತೆ. ಇನ್ನೇನು ಬೇಕು?"

"ಅಕ್ಕನ ಮನೆಗೆ ಹೋಗಿದ್ದೆಯಾ?"

"ಛೆ ಛೆ. ರಾಯಭಾರಿಯಾದವನು ಹಗೆಯ ಊರಲ್ಲಿ ಉಣ್ಣುತ್ತಾನೆಯೇ?"

"ಹಾಗಾದರೆ ಹಸಿದುಕೊಂಡು ಬಂದಿದ್ದೀಯ. ಕೂತ್ಕೋ."

ಗುರುಗಳು ಲೋಟದ ತುಂಬ ಮಜ್ಜಿಗೆ ತಂದಿಟ್ಟರು. ಪದುಮಣ್ಣ ಗಟಗಟ ಕುಡಿಯತೊಡಗಿದ.

"ಈಗ ಹೇಳು. ರಾಣಿ ಏನಂದರು?"

"ಹೇಳಿದೆನಲ್ಲ. ಹೊಳೆ ತಮ್ಮದು ಅಂದರು."

"ಅವರ ಬಾಯಿಂದ ಬಂದದ್ದು ಬಂದ ಹಾಗೇ ಹೇಳು."

ಪದುಮಣ್ಣ ಬೆನ್ನು ನೆಟ್ಟಗೆ ಮಾಡಿ ರಾಣಿಯ ಧಾಟಿಯಲ್ಲೇ ಹೇಳಿದ. "'ಹೊಳೆ ನಮ್ಮದು. ಕಾಯೋದೂ ನಮ್ಮ ಕೆಲಸ.'"

"ಅವರು ನಮ್ಮದು ಅಂದರು. ನೀನು ತಮ್ಮದು ಅಂತೀಯ."

"ಬೇರೆಯವರ ಮಾತು ಒಪ್ಪಿಸುವಾಗ ಎಲ್ಲರೂ ಹಾಗೇ ಅಲ್ಲವೇ ಹೇಳೋದು? ನಮ್ಮದು ಅಂದದ್ದು ತಮ್ಮದು ಆಗುತ್ತೆ. ವಾಡಿಕೆ ಗುರುಗಳೇ."

"ಒಂದಕ್ಷರ ಹೋಗಿ ಅದರ ಜಾಗಕ್ಕೆ ಇನ್ನೊಂದು ಬಂದರೆ ವ್ಯಾಕರಣದಲ್ಲಿ ಏನಂತಾರೆ?"

ಇದು ಚಿಕ್ಕ ಮಕ್ಕಳ ಪಾಠ. "ಆದೇಶ ಅಂತಾರೆ."

"ಯಾರ ಆದೇಶ?"

ಪದುಮಣ್ಣನಿಗೆ ರೇಗಿತು.

"ಏನು ವ್ಯತ್ಯಾಸ ಬಂತು ಹೇಳಿ? ನಮ್ಮದು ಅಂದರೂ ಅದೇ ತಾನೇ? ನಮ್ಮದು, ಅಂದರೆ ನಿಮ್ಮದಲ್ಲ."

"ಇರಬಹುದು. ಮಜ್ಜಿಗೆ ಹೇಗಿದೆ?"

"ಚೆನ್ನಾಗಿದೆ."

"ನಮ್ಮ ಹಸುವಿನದು."

"ಗೊತ್ತಲ್ಲ ಗುರುಗಳೇ."

"ನಮ್ಮ ಹಸು ಅಂದೆ. ಅಂದರೆ ನಿನ್ನದಲ್ಲ. ಲೋಟ ಕೆಳಗಿಡು."

"ಅಯ್ಯೋ, ಇದೇನು ನ್ಯಾಯ! ಇಷ್ಟು ವರ್ಷ ಅದರ ಸಗಣಿ ಬಾಚಿದವನು ನಾನು!"

"ಹಾಗಾದರೆ ನಾನು ನಮ್ಮದು ಅಂದಾಗ ಅದರಲ್ಲಿ ನೀನೂ ಇದ್ದೀಯ?"

"ಇಲ್ಲದೆ ಏನು?"

"ರಾಣಿ ನಮ್ಮದು ಅಂದಾಗ ಅದರಲ್ಲಿ ಯಾರ್ಯಾರಿದ್ದರು?"

ಆ ಪ್ರಶ್ನೆಯನ್ನು ಪದುಮಣ್ಣ ರಾಣಿಗೆ ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೂ ಇರಲಿಲ್ಲ. ಅಷ್ಟರಲ್ಲಿ ಬೆಳಗುಪ್ಪೆಯ ಕಡೆಯಿಂದ ನಗಾರಿ ಬಡಿಯುವುದು ಕೇಳಿಸಿತು. ಮಜ್ಜಿಗೆ ಅಲ್ಲೇ ಬಿಟ್ಟು ಹರಿಗೋಲಿಗೆ ಹಾರಿ ಮತ್ತೆ ಆಚೆ ದಡಕ್ಕೆ ಹುಟ್ಟು ಹಾಕಿದ.

ನೇರಲಕೋಟೆಯ ಹೊಳೆಮೆಟ್ಟಿಲ ಮೇಲೆ ಅವನ ಅಕ್ಕ ಸಿರಿಯಕ್ಕ ಬಟ್ಟೆ ಒಗೆಯುತ್ತಿದ್ದಳು. ಅವನನ್ನು ಕಂಡಿದ್ದೇ ಒದ್ದೆ ಕೈಯಲ್ಲೇ ರಟ್ಟೆ ಹಿಡಿದುಕೊಂಡಳು.

"ಏನೋ ಪದುಮ, ಬೆಳಿಗ್ಗೆ ಬಂದವನು ನಮ್ಮ ಬಾಗಿಲ ಮುಂದೇ ತಲೆ ತಗ್ಗಿಸಿಕೊಂಡು ಹೋದೆಯಂತೆ?"

"ರಾಜಕಾರ್ಯ ಅಕ್ಕ..."

"ಸುಡಲಿ ನಿನ್ನ ರಾಜಕಾರ್ಯ. ನಿಜ ಹೇಳು. ನಮ್ಮೂರ ದಂಡು ನಮ್ಮೂರ ಮೇಲೆ ಬರುತ್ತಂತೆ, ಹೌದೇನೋ?"

ಅವಳ ಕಣ್ಣು ತುಂಬಿತ್ತು. ಯಾವ ನಮ್ಮೂರು, ಯಾವ ನಮ್ಮೂರಿನ ಮೇಲೆ ಅಂತ ಪದುಮಣ್ಣ ಕೇಳಲಿಲ್ಲ. ಕೇಳದೆಯೇ ಎರಡೂ ಅರ್ಥವಾಗಿತ್ತು.

"ಬಂದೆ ಇರಕ್ಕ," ಅಂದ. "ಊಟಕ್ಕೆ ನಿಮ್ಮನೆಗೇ ಬರ್ತೀನಿ."

"ನಿಮ್ಮನೆ ಅಂತೀಯಲ್ಲೋ!" ಎಂದು ಅವಳು ಬೈದದ್ದು ಬೆನ್ನ ಹಿಂದೆ ಕೇಳಿಸಿತು.

ರಾಣಿ ಭೈರಾಂಬೆ ಕಲ್ಲಿನ ರಾಶಿಯ ಹತ್ತಿರವೇ ನಿಂತಿದ್ದರು. ವಯಸ್ಸಾದವರು, ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದರು. ಪಕ್ಕದಲ್ಲಿ ಅವರ ದಳಪತಿ.

"ಮತ್ತೇನು ಪಂಡಿತರೇ? ಬೆಳಿಗ್ಗೆ ಹೇಳಿದ್ದು ಸಾಲಲಿಲ್ಲವೇ?"

"ತಾಯಿ, ತಾವು ಹೊಳೆ ನಮ್ಮದು ಅಂದಿರಿ. ಆ ನಮ್ಮದು ಅನ್ನೋದರಲ್ಲಿ ಯಾರ್ಯಾರಿದ್ದಾರೆ?"

ದಳಪತಿ ಹುಬ್ಬು ಗಂಟಿಕ್ಕಿದ. ರಾಣಿ ಮಾತ್ರ ಜೋರಾಗಿ ನಕ್ಕುಬಿಟ್ಟರು.

"ಇದನ್ನು ಬೆಳಿಗ್ಗೆ ಕೇಳಬಾರದಿತ್ತೇ? ನೋಡಿ, ಹೋದ ಮಳೆಗಾಲದಲ್ಲಿ ಈ ದಡ ಕುಸಿಯಿತು. ಅದಕ್ಕೆ ಕಟ್ಟೆ ಕಟ್ಟೋಣ ಅಂತ ಕಲ್ಲು ತರಿಸಿದೆ. ಈಗ ನಿಮ್ಮ ನಗಾರಿ ಕೇಳಿ, ಇದೇ ಕಲ್ಲಲ್ಲಿ ಕೋಟೆ ಕಟ್ಟೋಣ ಅಂತಿದ್ದಾನೆ ಇವನು. ಕಲ್ಲಿಗೇನು, ಎರಡಕ್ಕೂ ಆಗುತ್ತೆ."

"ಹಾಗಾದರೆ ನಮ್ಮ ದೊರೆ ಅದರಲ್ಲಿ ಇದ್ದಾರೋ ಇಲ್ಲವೋ?"

"ನನಗೂ ಇನ್ನೂ ಗೊತ್ತಿಲ್ಲ. ಹರಿಗೋಲಲ್ಲಿ ಊಟಕ್ಕೆ ಬಂದರೆ ಇದ್ದಾರೆ. ದಂಡು ಕಟ್ಟಿಕೊಂಡು ಬಂದರೆ ಇಲ್ಲ. ಇದನ್ನು ಹೀಗೇ ಹೋಗಿ ಹೇಳಿ. ಒಂದಕ್ಷರ ಬದಲಾಗಬಾರದು."

ಬೆಳಗುಪ್ಪೆಯಲ್ಲಿ ಕುದುರೆಗಳಿಗೆ ಜೀನು ಹಾಕಿ ಆಗಿತ್ತು. ಪದುಮಣ್ಣ ರಾಣಿಯ ಮಾತನ್ನು ಇದ್ದ ಹಾಗೇ ಒಪ್ಪಿಸಿದ.

"ಊಟದ ಮಾತು ಹಾಗಿರಲಿ," ಅಂದರು ದೊರೆ. "ಒಟ್ಟಿನಲ್ಲಿ ಹೊಳೆ ತಮ್ಮದು ಅಂತಾಳೆ ತಾನೇ?"

"ಇಲ್ಲ ಪ್ರಭು. ನಮ್ಮದು ಅಂತಾರೆ."

"ಅದೇ. ತಮ್ಮದು."

"ನಮ್ಮದು, ಪ್ರಭು."

ದೊರೆಯ ಮುಖ ಕೆಂಪೇರಿತು. "ನೀನು ಯಾರ ಕಡೆಯವನಯ್ಯ?"

ಹೌದು, ತಮ್ಮದೇ ಅಂತಾರೆ ಅಂದುಬಿಟ್ಟರೆ ಪಟ್ಟ ಪದುಮಣ್ಣನ ಕೈಗೆ ಬಂದ ಹಾಗೇ. ಒಂದಕ್ಷರದ ಮಾತು ಅಷ್ಟೇ. ಆದರೆ ಆ ಅಕ್ಷರದ ಹಿಂದೆ ಒದ್ದೆ ಕೈಯ ಅಕ್ಕ ನಿಂತಿದ್ದಳು.

"ಪಟ್ಟ ಬೇರೆಯವರಿಗೆ ಕೊಡಿ ಪ್ರಭು. ರಾಣಿ ಆಡದ ಮಾತನ್ನು ನಾನು ಹೇಳಲಾರೆ."

ದೊರೆ ಎದ್ದು ಹೊಳೆಯ ಕಡೆ ನೋಡುತ್ತ ನಿಂತರು. ಆಚೆ ದಡದಲ್ಲಿ ಕಲ್ಲಿನ ರಾಶಿ ಕಾಣುತ್ತಿತ್ತು. ಅದು ಇನ್ನೂ ಕಟ್ಟೆಯೂ ಆಗಿರಲಿಲ್ಲ, ಕೋಟೆಯೂ ಆಗಿರಲಿಲ್ಲ.

"ನಗಾರಿ ನಿಲ್ಲಿಸಿ," ಅಂದರು. ಸ್ವಲ್ಪ ತಡೆದು, "ಹರಿಗೋಲು ತನ್ನಿ."

ದೊರೆ ಹೋದರು, ಉಂಡರು, ಬಂದರು. ಮಾರನೆಯ ದಿನ ಈಚೆ ದಡದಿಂದಲೂ ಆ ಕಟ್ಟೆಗೆ ಕಲ್ಲು ಹೊರಟಿತು. ಪಟ್ಟದ ಮಾತನ್ನು ದೊರೆ ಎತ್ತಲಿಲ್ಲ, ಪದುಮಣ್ಣನೂ ಎತ್ತಲಿಲ್ಲ.

ಅವನು ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಆಶ್ರಮಕ್ಕೆ ಬಂದ. ಅಂಗಳದ ಮರಳಿನಲ್ಲಿ ಅವನು ಗೀಚಿದ ಸುತ್ತುಗಳು ಇನ್ನೂ ಹಾಗೇ ಇದ್ದವು. ನಾಚಿಕೆಯಾಗಿ ಕಾಲಿನಿಂದ ಒರೆಸಲು ಹೋದ.

"ಏನು ಮಾಡ್ತಿದ್ದೀಯ?" ಎಂದರು ಕೇತಯ್ಯನವರು.

"ಅಳಿಸ್ತಿದ್ದೀನಿ ಗುರುಗಳೇ. ಇದು ಸುಳ್ಳು."

"ಸುಳ್ಳಲ್ಲ ಕಣಯ್ಯ. ನಾನೂ ಇದರಿಂದಲೇ ಅನ್ನ ತಿಂದವನು. ಅಳಿಸಬೇಡ. ನಡುವಿನ ಸುತ್ತನ್ನು ಕೊಂಚ ದೊಡ್ಡದಾಗಿ ಗೀಚು."

ಪದುಮಣ್ಣ ಕೋಲು ಎತ್ತಿಕೊಂಡ.

"ಎಷ್ಟು ದೊಡ್ಡದಾಗಿ?"

"ನಿಮ್ಮಕ್ಕನ ಮನೆ ಒಳಗೆ ಬರುವಷ್ಟು."